ಯಾರನ್ನೂ ಕರೆಯಬೇಕಾಗಿರಲಿಲ್ಲ

ಮಂಗಳವಾರ ಬೆಳಗ್ಗೆ ಜೆಸಿಬಿ ಸದ್ದು ಕೇಳಿ ಹೊರಗೆ ಓಡಿದೆ. ಚರಂಡಿ ಕೆಲಸ. ಓಣಿಯ ಏರಿನ ತುದಿಯಲ್ಲಿರುವ ಹೊರೆಕಲ್ಲಿನ ಬುಡದವರೆಗೂ ಅಗೆದಿದ್ದರು.

ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಕಲ್ಲು. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಅಷ್ಟೆ. ಮಲಯಾಳದಲ್ಲಿ ಇದಕ್ಕೆ ಅತ್ತಾಣಿ ಅಂತಾರೆ. ಕೊಚ್ಚಿ ವಿಮಾನ ನಿಲ್ದಾಣದ ಹತ್ತಿರ ಆ ಹೆಸರಿನ ಊರೇ ಇದೆ. ತಮಿಳರಿಗೆ ಸುಮೈತಾಂಗಿ. ಬಸುರಿಯಾಗಿಯೇ ತೀರಿಕೊಂಡ ಹೆಣ್ಣಿನ ನೆನಪಿಗೆ ಇಂಥ ಕಲ್ಲು ನೆಡಿಸುವ ಪದ್ಧತಿ ಅವರಲ್ಲಿತ್ತು. ಅವಳು ಹೊತ್ತ ಭಾರ ಇಳಿಯಲಿ ಅಂತ.

"ಚಿಂತೆ ಬೇಡ ಮಾಷೇ. ಇದನ್ನು ಕಿತ್ತು ಪಾರ್ಕಿನಲ್ಲಿ ನಿಲ್ಲಿಸ್ತೇವೆ. ಸುತ್ತ ಹೂಗಿಡ ಹಾಕಿದ್ರೆ ಚೆಂದ ಕಾಣ್ತದೆ," ಅಂದ ಸೂಪರ್‌ವೈಸರ್. ಒಳ್ಳೆಯ ಹುಡುಗ. ಕಲ್ಲಿಗೆ ಜೆಸಿಬಿ ತಾಗದಿರಲಿ ಅಂತ ಗೋಣಿ ಸುತ್ತಿಸಿದ್ದ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಕಾರು ತಿರುಗಿಸಲು ಜಾಗವಾಯಿತು ಎಂದು ಖುಷಿಪಟ್ಟ ನೆರೆಮನೆಯವರ ಮೇಲೆ.

ಆಗಲೇ ಆ ಅಕ್ಕ ಬಂದರು. ಕಾಸರಗೋಡಿನ ನೆಲ್ಲಿಕುಂಜೆ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ನಮ್ಮ ಓಣಿ ಹತ್ತುತ್ತಿದ್ದವರು. ಈಗ ಎಪ್ಪತ್ತು ದಾಟಿದೆ. ಗುಂಡಿ ನೋಡಿದವರೇ ಸೀರೆ ಎತ್ತಿ ಕಟ್ಟಿ ಕೆಳಗಿಳಿದುಬಿಟ್ಟರು. ಸೂಪರ್‌ವೈಸರ್ "ಅಮ್ಮಾ, ಬೇಡ" ಅಂದರೂ ಕೇಳಲಿಲ್ಲ.

ಗುಂಡಿಯ ತಳದಲ್ಲಿ ಹಳೇ ರಸ್ತೆಯ ಮುರಕಲ್ಲಿನ ಪದರ ಕಾಣುತ್ತಿತ್ತು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಆ ರಸ್ತೆಯನ್ನೂ ಕಲ್ಲಿನ ಕಾಲನ್ನೂ ನಾವೇ ಹೂತಿದ್ದೆವು. ನಾನು ನೋಡುತ್ತ ಬಂದ ಹೊರೆಕಲ್ಲು ಎದೆಮಟ್ಟಕ್ಕಿತ್ತು. ಇದರ ಮೇಲೆ ಹೊರೆ ಇಳಿಸುವುದು ಹೇಗೆ ಅಂತ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಅಕ್ಕ ಆ ಮುರಕಲ್ಲಿನ ಮೇಲೆ ನಿಂತರು. ಅಡ್ಡಗಲ್ಲು ಸರಿಯಾಗಿ ಅವರ ಕಿವಿಯ ಮಟ್ಟಕ್ಕೆ ಬಂತು.

ಅವರು ಕಲ್ಲಿಗೆ ಬೆನ್ನು ಕೊಟ್ಟು, ಇಲ್ಲದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲ ಹಿಂದಕ್ಕೆ ಜಾರಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಮತ್ತೆ ತಲೆ ಕೊಟ್ಟು ಮುಂದಕ್ಕೆ ಎಳೆದುಕೊಂಡರು.

"ಯಾರನ್ನೂ ಕರೆಯಬೇಕಾಗಿರಲಿಲ್ಲ," ಅಂದರು.

ನಾಲ್ಕು ದಿನದಿಂದ ಅದೇ ಮಾತು ಕಿವಿಯಲ್ಲಿದೆ. ತಲೆಹೊರೆ ನೆಲಕ್ಕಿಳಿಸಿದರೆ ಒಬ್ಬರೇ ಮತ್ತೆ ಎತ್ತಲಾಗುವುದಿಲ್ಲ, ಅಲ್ವಾ? ಇನ್ನೊಬ್ಬರ ಕೈ ಬೇಕು. ಮಧ್ಯಾಹ್ನದ ಬಿಸಿಲಿಗೆ, ಖಾಲಿ ಓಣಿಯಲ್ಲಿ, ಒಂಟಿ ಹೆಂಗಸು ಯಾರನ್ನು ಕರೆಯಬೇಕು? ಕರೆದರೂ ಮೀನು ಮಾರುವವಳ ಬುಟ್ಟಿಗೆ ಎಲ್ಲರೂ ಕೈ ಹಚ್ಚುತ್ತಿದ್ದರಾ? ಯಾರ ಹಂಗೂ ಇಲ್ಲದೆ ಆಕೆ ನಿಂತು ಉಸಿರು ಬಿಡಲು ಯಾರೋ ಈ ಕಲ್ಲು ನಿಲ್ಲಿಸಿದ್ದಾರೆ. ಅದೂ ಎಲ್ಲಿ? ಕಾಲು ಸೋಲುವ ಜಾಗದಲ್ಲಿ, ಏರು ಮುಗಿಯುವಲ್ಲಿ. ಪಾರ್ಕಿನ ಸಮತಟ್ಟು ನೆಲದಲ್ಲಿ ಯಾರ ಕಾಲು ಸೋಲುತ್ತದೆ?

ಬೇಕಲ ಕೋಟೆಗೆ ಪುರಾತತ್ವ ಇಲಾಖೆಯ ಕಾವಲಿದೆ. ಇರಲೇಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ 100 ವರ್ಷ ದಾಟಿದ ಶಾಸನವನ್ನೂ ಒಂಟಿಕಲ್ಲನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಸರ್ಕಾರ ಪಟ್ಟಿಗೆ ಸೇರಿಸಿದ ಮೇಲೆಯೇ ರಕ್ಷಣೆ. ಓಣಿಯ ಕಲ್ಲು, ಬಾವಿಕಟ್ಟೆ, ಮೈಲಿಗಲ್ಲು, ಮುರಕಲ್ಲಿನ ಮೆಟ್ಟಿಲು, ಇವನ್ನೆಲ್ಲ ಯಾವ ಪಟ್ಟಿಗೆ ಯಾರು ಬರೆಯುತ್ತಾರೆ? ರಾಜ ಕಟ್ಟಿಸಿದ್ದು ಉಳಿಯಬೇಕು, ಮೀನಿನ ಬುಟ್ಟಿಗೆಂದು ನಿಲ್ಲಿಸಿದ್ದು ಹೋಗಬಹುದು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಉಳಿಸಲು ಕೋಟಿ ಬೇಡ. ಚರಂಡಿ ಎರಡು ಅಡಿ ಬಳಸಿ ಹೋದರೆ ಸಾಕು. ಬುಡದ ಸುತ್ತ ಡಾಂಬರು ಏರಿಸದೆ ಬಿಟ್ಟರೆ ಸಾಕು.

ಸೂಪರ್‌ವೈಸರ್‌ಗೆ ಇದನ್ನೇ ಹೇಳಿದೆ. "ಎಂಜಿನಿಯರ್ ಹತ್ರ ಕೇಳ್ತೇನೆ ಮಾಷೇ" ಅಂದ.

ಶುಕ್ರವಾರ ಸಂಜೆಯೂ ಗುಂಡಿ ತೆರೆದೇ ಇತ್ತು. ಟೇಪು ಹಿಡಿದು ನಾನೂ ಇಳಿದೆ. ಮುರಕಲ್ಲಿನಿಂದ ಅಡ್ಡಗಲ್ಲಿನವರೆಗೆ 4 ಅಡಿ 10 ಇಂಚು. ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟೆ. ಓದಿದ, ಒಮ್ಮೆ ಕಲ್ಲಿನ ಕಡೆ ನೋಡಿದ, ಮಡಚಿ ಕಿಸೆಗೆ ಹಾಕಿಕೊಂಡ.