ಕಡೀ ಗೇಣು ಟೈರು

ಸರ್ವಿಸ್ ಸೆಂಟರಿನ್ಯಾಗ ನಾ ಪಾನಾ ಹಿಡದು ಹನ್ನೊಂದು ವರ್ಷ ಆತು. ಎಷ್ಟು ಟೈರು ಹಾಕೀನಿ ಲೆಕ್ಕ ಇಟ್ಟಿಲ್ಲ. ಆದ್ರ ಹೋದ ವರ್ಷ ಶ್ರಾವಣದಾಗ ಮನಿ ಅಂಗಳದಾಗ ಕೈಲೆ ಹಾಕಿದ ಒಂದು ಸ್ಪ್ಲೆಂಡರ್ ಟೈರು ನೆನಪಾದ್ರ ಈಗೂ ಸಂಕಟ ಆಗ್ತೈತಿ.

ಮುಚಖಂಡಿಯಿಂದ ಬಾಗಲಕೋಟಿಗೆ ಮನಿಮನಿಗೆ ಹಾಲು ತರೂ ಕಾಕಾ ಒಬ್ರು ಅದಾರ. ರವಿವಾರ ಸಂಜೀಕ ಹೊಸ ಟೈರು, ಹೊಸ ಟ್ಯೂಬು ಹಿಡ್ಕೊಂಡು ಬಂದ್ರು. ಹಿಂದಿನ ಗಾಲಿ, 2.75-18, ಹಳೇದು ಬೋಳಾಗಿ ಒಳಗಿನ ನೂಲು ಕಾಣಾಕತ್ತಿತ್ತು. "ತಮ್ಮಾ, ನಸುಕಿನ್ಯಾಗ ನಾಕೂವರಿಗೆ ಕ್ಯಾನ್ ಕಟ್ಟಬೇಕು ನೋಡು" ಅಂದ್ರು. ಅರ್ಧ ತಾಸಿನ ಕೆಲಸ ಕಾಕಾ, ಚಾ ಕುಡೀರಿ ಅಂದೆ.

ಗೋಣಿಚೀಲ ಹಾಸಿ ಗಾಲಿ ಮಲಗಿಸಿದೆ, ನನ್ನ ಗಾಡಿ ಸೈಡ್ ಸ್ಟ್ಯಾಂಡ್ ಟೈರಿನ ಅಂಚಿನ ಮ್ಯಾಲೆ ಊರಿ ಗಾಡಿ ವಾಲಿಸಿ ಬೀಡ್, ಅಂದ್ರ ರಿಮ್ಮಿಗೆ ಕಚ್ಚಿ ಕುಂದ್ರೂ ಟೈರಿನ ಅಂಚು, ಬಿಡಿಸಿದೆ, ಹಳೇದು ತಗದೆ. ಹೊಸದರ ಬಾಣದ ಗುರ್ತು ನೋಡಿದೆ, ತಾರೀಖಿನ ನಾಕು ಅಂಕಿ ನೋಡಿದೆ, 1824 ಇತ್ತು, ಅಂದ್ರ 2024ರ ಹದಿನೆಂಟನೇ ವಾರದ ಮಾಲು. ರಿಮ್ ಪಟ್ಟಿ ಸರಿ ಕುಂದ್ರಿಸಿದೆ, ಟ್ಯೂಬಿಗೆ ಒಂಚೂರು ಹವಾ ತುಂಬಿ ಒಳಗ ಇಟ್ಟೆ. ಇಲ್ಲೀತನಕ ಒಂದೂ ತಪ್ಪಿಲ್ಲ.

ಬೀಡು ರಿಮ್ಮಿನೊಳಗ ಹೋಗೂದು ಕಡೀ ಒಂದು ಗೇಣು ಉಳೀತು. ಅದು ಒಳಗ ಹೋಗವಲ್ದು. ಲೈಟ್ ಬ್ಯಾರೆ ಹೋತು, ಕಾಕಾ ಎರಡು ಸಲ ಹೊತ್ತು ನೋಡಿದ್ರು. ಟೈರು ಎಬ್ಬಿಸೂ ಕಬ್ಬಿಣದ ಪಟ್ಟಿ ಮೂರನೇದು ಹಾಕಿದೆ, ಪಟ್ಟಿ ಬಾಗಾಕತ್ತು, ಕೈಗೆ ಗೊತ್ತಾಗಿತ್ತು ಏನೋ ಅಡ್ಡ ಬಂದೈತಿ ಅಂತ, ಆದ್ರೂ ನಾ ಎದ್ದು ನಿಂತು ಪಟ್ಟಿ ಮ್ಯಾಲೆ ಕಾಲಿಟ್ಟು ತುಳದೆ. ಟಪ್ ಅಂತ ಒಳಗ ಹೋತು. ಲೋಡಿನ ಗಾಡಿ ಅಂತ 40ರ ಹತ್ರ ಹವಾ ಹೊಡದೆ, ವಾಲ್ವಿಗೆ ಉಗುಳು ಹಚ್ಚಿ ನೋಡಿದೆ, ಗುಳ್ಳಿ ಬರಲಿಲ್ಲ. ಗಾಲಿ ಏರಿಸಿ ಚೈನ್ ಗುರ್ತು ಎರಡೂ ಕಡೆ ಕೂಡಿಸಿ ಗಾಡಿ ಕೊಟ್ಟುಬಿಟ್ಟೆ. ಅರ್ಧ ತಾಸು ಹಂಗ ಬಿಟ್ಟು ಇನ್ನೊಮ್ಮೆ ಗೇಜ್ ಹಚ್ಚಲಿಲ್ಲ.

ಐದಕ್ಕ ಹತ್ತು ನಿಮಿಷ ಇದ್ದಾಗ ಫೋನ್ ಬಂತು. ಪಂಪು, ಪಟ್ಟಿ, ನನ್ನ ಹತ್ರ ಇದ್ದ ಇನ್ನೊಂದು ಟ್ಯೂಬು ಚೀಲಕ್ಕ ಹಾಕ್ಕೊಂಡು ಓಡಿದೆ. ಮುಚಖಂಡಿ ರೋಡಿನ ಬದೀಗೆ ಗಾಡಿ ನಿಂತಿತ್ತು, ಎರಡೂ ಕ್ಯಾನ್ ಕೆಳಗ ಇಳಿಸಿ ಮ್ಯಾಲೆ ಟಾವೆಲ್ ಹಾಸಿದ್ರು. ಹವಾ ಇಳದು ಹಿಂದಿನ ಗಾಲಿ ಒಮ್ಮೆಲೆ ಎರಡೂ ಕಡೆ ಬಡದಂತ, ಕತ್ತಲ್ಯಾಗ ಹೆಂಗೋ ಹ್ಯಾಂಡಲ್ ಹಿಡದಾರ. ಬಯ್ಯಲಿಲ್ಲ. "ವಿದ್ಯಾಗಿರಿಯಾಗ ಸಣ್ಣ ಹುಡುಗರ ಮನಿ ಅದಾವಪಾ, ಎಷ್ಟೊತ್ತು ಆಗ್ತೈತಿ?" ಅಂದ್ರು ಅಷ್ಟ. ಬೈದಿದ್ರ ತಡಕೋತಿದ್ನಿ.

ಮೊಬೈಲ್ ಬೆಳಕಿನ್ಯಾಗ ಟ್ಯೂಬು ಹೊರಗ ಎಳದೆ. ಹಾವು ಕಡದಂಗ ಅಕ್ಕಪಕ್ಕ ಎರಡು ಸೀಳು, ಅರ್ಧ ಉಗುರಿನಷ್ಟು ಅಗಲ. ಪಟ್ಟಿ ತುದಿ ಮತ್ತ ರಿಮ್ ನಡುವ ಸಿಕ್ಕು ರಬ್ಬರ್ ಅರ್ಧ ಕೊಯ್ದಿತ್ತು, ರಾತ್ರಿ ಖಾಲಿ ಗಾಡಿಗೆ ತಡಕೊಂಡೈತಿ, ನಸುಕಿಗೆ ಹಾಲಿನ ಭಾರ ಬಿದ್ದಕೂಡ್ಲೆ ಹರದೈತಿ.

ಬೀಡಿನ ಒಳಗ ಉಕ್ಕಿನ ತಂತಿ ಇರ್ತೈತಿ, ಅದು ಹಿಗ್ಗೂದಿಲ್ಲ. ರಿಮ್ಮಿನ ನಡುವ ತಗ್ಗು ಮಾಡಿರ್ತಾರಲ್ಲ, ಎದುರಿನ ಬದಿ ಬೀಡು ಆ ತಗ್ಗಿನ್ಯಾಗ ಇಳದ್ರಷ್ಟ ಈ ಬದಿಗೆ ಸಡಲು ಸಿಗ್ತೈತಿ. ಇದು ನನಗ ಗೊತ್ತಿಲ್ಲಂತಲ್ಲ, ಕಲಿಯೂ ಹುಡುಗರಿಗೆ ನಾನ ಹೇಳಿಕೊಟ್ಟೀನಿ. ಆದ್ರ ನಮ್ಮಲ್ಲಿ ಟೈರ್ ಮಷಿನ್ ಬಂದ ಮ್ಯಾಲೆ ಎದುರಿನ ಬದಿ ಒತ್ತಿ ಹಿಡಿಯೂದು ಹೆಲ್ಪರ್ ಕೆಲಸ ಆತು, ನಾ ಪೆಡಲ್ ತುಳಿಯೂದಷ್ಟ, ಜಾಬ್ ಕಾರ್ಡ್ ಮ್ಯಾಲೆ ಟೈಮ್ ಹಾಕಿ ಮುಂದಿನ ಗಾಡಿ ಅಂತಾರ, ಕೈಗೆ ಆ ರೂಢಿನ ತಪ್ಪಿಹೋಗಿತ್ತು. ಪಟ್ಟಿನೂ ಅಲ್ಲಿ ಬಿಸಾಕಿದ್ದ ಹಳೇವು, ತುದಿ ಸವದು ಬ್ಲೇಡಿನಂಗ ಆಗಿದ್ವು. ಹೊಸಾವು ತರಿಸ್ರಿ ಅಂತ ಮ್ಯಾನೇಜರಿಗೆ ಮೂರು ಸಲ ಕೇಳೀನಿ, ಮಷಿನ್ ಐತೆಲ್ಲಾ ಅಂತಾರ. ಕರೆಂಟ್ ಹೋದಾಗ ಅದ ಸವದ ಪಟ್ಟಿಲೆ ಗಿರಾಕಿ ಟ್ಯೂಬಿಗೆ ಕೈ ಹಾಕಬೇಕು, ಇದು ನನಗ ಸರಿ ಅನಸೂದಿಲ್ಲ.

ರೋಡಿನ ಮ್ಯಾಲೆ ಎರಡನೇ ಸಲ ಹಾಕೂಮುಂದ ಅದ ಕಡೀ ಗೇಣಿಗೆ ಬಂದು ನಿಂತು ಪಟ್ಟಿ ಕೆಳಗಿಟ್ಟೆ. ಬಾಟಲಿಯಾಗಿನ ಸಾಬಾಣದ ನೀರು ಬೀಡಿಗೆ ಸವರಿ, ಎದುರಿನ ಬದಿ ಮ್ಯಾಲೆ ಎರಡೂ ಮೊಣಕಾಲು ಊರಿ ಕುಂತೆ, ಅಂಗೈಲೆ ಸುತ್ತ ಒತ್ಕೋತ ಬಂದೆ. ಬೀಡು ತಗ್ಗಿಗೆ ಇಳದದ್ದು ಮೊಣಕಾಲಿಗೆ ಗೊತ್ತಾತು. ಉಳಿದ ಗೇಣು ಎರಡು ಹೆಬ್ಬೆರಳಿಗೆ ಹೋತು, ಪಟ್ಟಿ ಬೇಕಾಗಲಿಲ್ಲ.

ಕಾಕಾ ಅವತ್ತ ಒಂದೂವರಿ ತಾಸು ತಡಾ ಮುಟ್ಟಿದ್ರು, ಎರಡು ಮನಿಯವ್ರು ಪಾಕೀಟ್ ಹಾಲು ತಂದಿದ್ರಂತ. ಕೂಲಿ ವಾಪಸ್ ಕೊಡಾಕ ಹೋದೆ, ತಗೊಳ್ಳಲಿಲ್ಲ. ಎರಡು ಹೊಸ ಪಟ್ಟಿ ನನ್ನ ರೊಕ್ಕದಾಗ ತಂದೆ, ತುದಿಗೆ ಕಾನಸ್ ಹೊಡದು ನುಣ್ಣಗ ಮಾಡೀನಿ. ಮೊನ್ನೆ ಕಾಕಾ ಮುಂದಿನ ಟೈರು ತಂದಾಗ ರಾತ್ರಿ ಪೂರಾ ಗಾಲಿ ನಮ್ಮ ಪಡಸಾಲ್ಯಾಗ ಇಟ್ಕೊಂಡೆ, ಕಾಕಾನ್ನ ನನ್ನ ಗಾಡಿ ಮ್ಯಾಲೆ ಮುಚಖಂಡಿಗೆ ಬಿಟ್ಟು ಬಂದೆ, ನಸುಕಿನ್ಯಾಗ ನಾಕಕ್ಕ ಎದ್ದು ಗೇಜ್ ಹಚ್ಚಿದೆ. 25 ಹೊಡದಿದ್ದೆ, 25 ಇತ್ತು. ಆಮ್ಯಾಲೆ ಕಾಕಾಗ ಫೋನ್ ಹಚ್ಚಿದೆ.