ಗಡಿಯಾರ ಬಿಟ್ಟು ಲೀಟರಿಗೆ: ನಮ್ಮ ಹೊಲದ ರಸಾವರಿ ಕೆಲಸ ಎಲ್ಲಿಗೆ ಬಂತು

ಎಳ್ಳ ಅಮಾವಾಸ್ಯೆ ಆದ ವಾರ

ಹುಮನಾಬಾದ್ ತಾಲ್ಲೂಕಿನ ಕೆಂಪು ನೆಲ. ಒಂದು ಎಕರೆ ಪಪ್ಪಾಯಿ, ಬದುವಿನಾಚೆ ಅರ್ಧ ಎಕರೆ ಟೊಮ್ಯಾಟೊ. ಎರಡಕ್ಕೂ ಡ್ರಿಪ್ ಇದೆ, ಸೆಟ್ಟಿನ ಜೊತೆ ಬಂದ ವೆಂಚುರಿಯೂ (ಹರಿಯುವ ನೀರಿನ ಒತ್ತಡದಿಂದ ಗೊಬ್ಬರದ ನೀರು ಎಳೆದುಕೊಳ್ಳುವ ಸಾಧನ) ಇದೆ. ಡ್ರಿಪ್ ನೀರಿನ ಜೊತೆಗೇ ಗೊಬ್ಬರ ಬಿಡುವುದು ರಸಾವರಿ, ಇಲ್ಲಿಯವರೆಗೆ ಅದನ್ನು ಮಾಡುತ್ತಿದ್ದವರು ನಮ್ಮ ಕಾಕಾ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕೊಟ್ಟರೆ ಟಾರ್ಚ್ ಹಿಡಿದು ಹೋಗಬೇಕು, ವೆಂಚುರಿಯ ವಾಲ್ವ್ ಹಿಡಿದು ಬಿಟ್ಟು ಕೊಳವೆ ಎಳೆಯುತ್ತಿದೆಯೋ ಇಲ್ಲವೋ ನೋಡುತ್ತ ಕೂರಬೇಕು. ಹಾವು-ಚೇಳಿನ ಕಾಟ ಬೇರೆ. ಈ ಕೂರುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದೇ ಈ ವರ್ಷದ ಯೋಜನೆ.

ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು ಎಲ್ಲರೂ ಬೇವಿನ ಗಿಡದ ಕೆಳಗೆ ಕೂತಾಗ ವಿಷಯ ತೆಗೆದೆ. ಕಾಕಾ ಕೇಳಿದ್ದು ಒಂದೇ ಮಾತು: "ಎಲ್ಲಾ ಖರೆ ತಮ್ಮಾ, ನಡುವ ಕರೆಂಟ್ ಹೋದ್ರ ನಿನ್ನ ಮಿಷಿನ್ ಏನ್ ಮಾಡ್ತದ?"

ನಾನು ತಂದಿಟ್ಟುಕೊಂಡಿದ್ದ ಪುಸ್ತಿಕೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಯಂತ್ರ ಆರಿಸುವಾಗ ನಾನು ಎಲ್ಲಕ್ಕೂ ಮೊದಲು ಕೇಳಿದ್ದು ಕಾಕಾನ ಈ ಪ್ರಶ್ನೆಯನ್ನೇ.

ನೀರಿನ ಲೆಕ್ಕ

ಯಂತ್ರಕ್ಕಿಂತ ಮೊದಲು ಬೋರ್ ಅಳೆಯಬೇಕು. 200 ಲೀಟರಿನ ಡ್ರಮ್, ಮೊಬೈಲಿನ ಸ್ಟಾಪ್‌ವಾಚ್, ಇಷ್ಟು ಸಾಕು. ಪೈಪಿನ ಬಾಯಿ ಪೂರಾ ತೆರೆದು ಅಳೆದರೆ ಬರುವ ಅಂಕಿ ಕೆಲಸಕ್ಕೆ ಬರುವುದಿಲ್ಲ. ಗೇಟ್ ವಾಲ್ವ್ ಹಿಡಿದು ಒತ್ತಡದ ಗೇಜ್ 1.5 ಕೆಜಿ (ಚದರ ಸೆಂ.ಮೀ.ಗೆ) ತೋರಿಸುತ್ತಿರುವಾಗ ಅಳೆಯಬೇಕು. ನಮ್ಮದು 65 ಸೆಕೆಂಡಿಗೆ ಡ್ರಮ್ ತುಂಬಿತು, ಅಂದರೆ ಗಂಟೆಗೆ ಸುಮಾರು 11,000 ಲೀಟರ್.

ಪಪ್ಪಾಯಿ 6x6 ಅಡಿಗೆ ಹಾಕಿದ್ದು, ಎಕರೆಗೆ 1,210 ಗಿಡ. ಗಿಡಕ್ಕೆ 4 ಲೀಟರಿನ ಎರಡು ಡ್ರಿಪ್ಪರ್. ಒಟ್ಟು ಗಂಟೆಗೆ 9,680 ಲೀಟರ್. ಈಗ ಸರಿಹೋಗುತ್ತದೆ, ಬೇಸಿಗೆಯಲ್ಲಿ ಬೋರ್ ಇಳಿದಾಗ ಆಗುವುದಿಲ್ಲ. ಅದಕ್ಕೇ ಎಕರೆಯನ್ನು ಎರಡು ಬ್ಲಾಕ್ ಮಾಡಿ ಒಂದೊಂದಕ್ಕೆ ಒಂದು ವಾಲ್ವ್ ಇಟ್ಟೆ: 605 ಗಿಡ, 4,840 ಲೀಟರ್. ಟೊಮ್ಯಾಟೊ ಮೂರನೆಯ ಬ್ಲಾಕ್. ಗೊಬ್ಬರ ಯಾವಾಗಲೂ ಒಂದು ಬ್ಲಾಕಿಗೆ ಮಾತ್ರ. ಬೋರಿನ ಹೆಚ್ಚುವರಿ ನೀರು ಬೈಪಾಸಿನಿಂದ ತೊಟ್ಟಿಗೆ ಬೀಳುತ್ತದೆ, ದನಗಳಿಗಾಗುತ್ತದೆ.

ನೀರಿನ ಗುಣ: ಪಿಎಚ್ 7.8, ಇಸಿ (ಕರಗಿದ ಉಪ್ಪಿನ ಅಂದಾಜು ಕೊಡುವ ಅಳತೆ) 0.9. ಕೆಟ್ಟದ್ದಲ್ಲ, ಆದರೆ ಸುಣ್ಣದ ಅಂಶ ಇದೆ. ಡ್ರಿಪ್ಪರ್ ಬಾಯಲ್ಲಿ ಬಿಳಿ ಕಲೆ ಈಗಲೇ ಕಾಣುತ್ತದೆ.

ಯಾವುದನ್ನು ಯಾಕೆ ಬಿಟ್ಟೆ

ಅಗ್ಗದ್ದು ಗೊಬ್ಬರದ ಟ್ಯಾಂಕ್. ಮುಖ್ಯ ಪೈಪಿನ ನೀರಿನಲ್ಲಿ ಸ್ವಲ್ಪ ಪಾಲು ಅದರೊಳಗೆ ಹಾದು ಹೋಗಿ ಗೊಬ್ಬರ ಹೊತ್ತು ತರುತ್ತದೆ. ತೊಂದರೆ ಏನೆಂದರೆ ಮೊದಲು ಬರುವ ನೀರು ಗಟ್ಟಿ, ಆಮೇಲೆ ಬರುವುದು ತೆಳು. ಟ್ಯಾಂಕಿನ ನಾಲ್ಕು ಪಟ್ಟು ನೀರು ಹಾದ ಹೊತ್ತಿಗೆ ಶೇ 98ರಷ್ಟು ಗೊಬ್ಬರ ಖಾಲಿ. ಒಂದೇ ಬ್ಲಾಕಿಗೆ, ಒಂದೇ ಸಲಕ್ಕೆ ಪೂರಾ ಸುರಿಯುವುದಾದರೆ ಇದೇ ಸಾಕು, ಅದನ್ನು ಬೈಯುವ ಕಾರಣವಿಲ್ಲ. ಬ್ಲಾಕಿನಿಂದ ಬ್ಲಾಕಿಗೆ ತಾನೇ ಹೋಗಬೇಕು ಅಂದರೆ ಮಾತ್ರ ಆಗದು.

ವೆಂಚುರಿ ನಮ್ಮಲ್ಲಿ ಮನೆ ಮನೆಗೂ ಇದೆ. ಒಳಬರುವ ಮತ್ತು ಹೊರಹೋಗುವ ಒತ್ತಡದ ನಡುವೆ ಮೂರನೇ ಒಂದು ಪಾಲಿನಷ್ಟು ಅಂತರ ಇದ್ದರೇ ಅದು ಚೆನ್ನಾಗಿ ಎಳೆಯುವುದು. ವೋಲ್ಟೇಜ್ ಇಳಿದು ಪಂಪ್ ಸುಸ್ತಾದರೆ ಎಳೆಯುವುದೇ ನಿಂತುಹೋಗುತ್ತದೆ, ಆದರೆ ನೀರು ಮಾತ್ರ ಹರಿಯುತ್ತಲೇ ಇರುತ್ತದೆ. ಹತ್ತಿರ ಕೂತವರಿಗೆ ಗೊತ್ತಾಗುತ್ತದೆ, ಟೈಮರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಇಸಿ, ಪಿಎಚ್ ನೋಡಿಕೊಂಡು ತಾನೇ ಗೊಬ್ಬರ, ಆಸಿಡ್ ಬೆರೆಸುವ ದೊಡ್ಡ ಯಂತ್ರ. ನೆಟಾಫಿಮ್, ಗಾಲ್ಕಾನ್ ಮುಂತಾದವರದು ಇವೆ. ಪಾಲಿಹೌಸಿನಲ್ಲಿ ಕೊಕೊಪೀಟ್ ಮೇಲೆ ಕ್ಯಾಪ್ಸಿಕಂ ಬೆಳೆಯುವವರಿಗೆ ಅದು ಬೇಕೇ ಬೇಕು, ಅಲ್ಲಿ ಬೇರಿಗೆ ಬೇರೆ ಆಸರೆ ಇಲ್ಲ. ನಮ್ಮ ಪಪ್ಪಾಯಿ ಮಣ್ಣಿನಲ್ಲಿ ನಿಂತಿದೆ. ಒಂದು ದಿನ ಹೆಚ್ಚುಕಮ್ಮಿ ಆದರೆ ಮಣ್ಣು ತಡೆದುಕೊಳ್ಳುತ್ತದೆ. ಒಂದೂವರೆ ಎಕರೆಗೆ ಅಷ್ಟು ದುಡ್ಡು ಸುರಿಯುವುದು ನನಗಂತೂ ಶೋಕಿ ಅನ್ನಿಸಿತು.

ಅಳತೆಯಂತೆ ಗೊಬ್ಬರದ ನೀರು ತಳ್ಳುವ ಕರೆಂಟಿನ ಡೋಸಿಂಗ್ ಪಂಪ್ ನಡುವಿನದು. ಒಳ್ಳೆಯದೇ. ಆದರೆ ಸಿಂಗಲ್ ಫೇಸ್ ಸ್ಥಿರವಾಗಿ ಬೇಕು, ಅದಕ್ಕೊಂದು ಇನ್ವರ್ಟರ್, ಇನ್ವರ್ಟರಿಗೊಂದು ಕೋಣೆ.

ಕೊನೆಗೆ ನಿಂತದ್ದು ನೀರಿನಿಂದಲೇ ನಡೆಯುವ ಡೋಸರ್ ಮೇಲೆ. ಡೋಸಾಟ್ರಾನ್, ಮಿಕ್ಸ್‌ರೈಟ್ ಹೆಸರಿನಲ್ಲಿ ಬರುತ್ತವಲ್ಲ, ಆ ಜಾತಿ. ಹರಿಯುವ ನೀರೇ ಒಳಗಿನ ಪಿಸ್ಟನ್ ಆಡಿಸುತ್ತದೆ, ಪಿಸ್ಟನ್ ಒಂದೊಂದು ಸಲ ಆಡಿದಾಗಲೂ ಅಷ್ಟಷ್ಟೇ ಗೊಬ್ಬರದ ನೀರು ಎಳೆಯುತ್ತದೆ. ಶೇ 1ಕ್ಕೆ ಇಟ್ಟರೆ 100 ಲೀಟರ್ ನೀರಿಗೆ 1 ಲೀಟರ್. ನೀರು ಕಮ್ಮಿ ಹರಿದರೆ ಗೊಬ್ಬರವೂ ಕಮ್ಮಿ, ನೀರು ನಿಂತರೆ ಗೊಬ್ಬರವೂ ನಿಂತಿತು. ಕಾಕಾನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. (ಬೀದರಿನ ಸುರಂಗ ಬಾವಿ ತೋಡಿದ ಬಹಮನಿ ಕಾಲದವರೂ ನೀರನ್ನು ಇಳಿಜಾರಿನ ಬಲದಿಂದಲೇ ನಡೆಸಿದರು. ನೌಬಾದಿಗೆ ಹೋದವರು ನೋಡಿ ಬನ್ನಿ.)

ಇದಕ್ಕೂ ಅವಗುಣ ಇದೆ. ಮರಳು ಬಂದರೆ ಸೀಲ್ ಸವೆಯುತ್ತದೆ, ಹಾಗಾಗಿ ಡೋಸರಿಗಿಂತ ಮೊದಲು 130 ಮೈಕ್ರಾನ್ ಡಿಸ್ಕ್ ಫಿಲ್ಟರ್ ಇರಲೇಬೇಕು. ಡೋಸರ್ ಆದಮೇಲೆ ಇನ್ನೊಂದು ಫಿಲ್ಟರ್ ಇಟ್ಟರೆ ಕರಗದ ಗೊಬ್ಬರದ ಕಾಳು ಲ್ಯಾಟರಲ್ಲಿಗೆ (ಗಿಡದ ಸಾಲಿನ ಡ್ರಿಪ್ ಕೊಳವೆಗೆ) ಹೋಗುವುದಿಲ್ಲ.

ಯೂರಿಯಾ ಮೀಟರಿಗೆ ಕಾಣುವುದಿಲ್ಲ

ಇಸಿ ಯಂತ್ರ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ಇದನ್ನು ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇಸಿ ಮೀಟರ್ ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಉಪ್ಪು ಕರಗಿದರೆ ಅಯಾನ್ (ವಿದ್ಯುತ್ ಹೊತ್ತ ಕಣ) ಆಗುತ್ತದೆ, ವಿದ್ಯುತ್ ಹರಿಯುತ್ತದೆ. ಯೂರಿಯಾ ಕರಗಿದರೂ ಅಯಾನ್ ಆಗುವುದಿಲ್ಲ. ಒಂದು ಬಕೆಟ್ ನೀರಿಗೆ ಹಿಡಿ ಯೂರಿಯಾ ಹಾಕಿ ಮೀಟರ್ ಅದ್ದಿ ನೋಡಿ, ಮುಳ್ಳು ಕದಲುವುದೇ ಇಲ್ಲ. ನಾವೆಲ್ಲ ಬಿಡುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾವಾರು) ಚೀಲದ ಮೇಲಿನ ಸಣ್ಣ ಅಕ್ಷರ ಓದಿ: 19ರಷ್ಟು ಸಾರಜನಕದಲ್ಲಿ 10.5ರವರೆಗೆ ಯೂರಿಯಾ ರೂಪದ್ದು, ಉಳಿದದ್ದು ನೈಟ್ರೇಟ್ ಮತ್ತು ಅಮೋನಿಯಾ ರೂಪದ್ದು. ಅಂದರೆ ಅರ್ಧಕ್ಕಿಂತ ಹೆಚ್ಚು ಸಾರಜನಕ ಯಂತ್ರದ ಕಣ್ಣಿಗೆ ಬೀಳದೆ ದಾಟಿ ಹೋಗುತ್ತದೆ. ಅಂಥ ಯಂತ್ರ ಕೊಂಡವರು 13:0:45, ಕ್ಯಾಲ್ಸಿಯಂ ನೈಟ್ರೇಟ್, 12:61:0, 0:0:50ರ ಕಡೆಗೆ ಹೊರಳಬೇಕಾಗುತ್ತದೆ. ಬೆಳೆಗೆ ಒಳ್ಳೆಯದೇ, ಜೇಬಿಗೆ ಭಾರ. ಲೀಟರಿನ ಲೆಕ್ಕದಲ್ಲಿ ಹೋಗುವವರಿಗೆ ಈ ತಂಟೆ ಇಲ್ಲ: ತೂಕ ಮಾಡಿ ಕರಗಿಸಿದ್ದು ಏನೋ, ಗಿಡಕ್ಕೆ ಹೋಗುವುದೂ ಅದೇ. ಕೈಯಲ್ಲಿ ಹಿಡಿಯುವ ಇಸಿ ಮೀಟರ್ ಒಂದು ಇಟ್ಟುಕೊಂಡಿದ್ದೇನೆ, ಕೊನೆಯ ಡ್ರಿಪ್ಪರಿನ ನೀರು ಹಿಡಿದು ನೋಡಲು. ಅದಕ್ಕಿಂತ ಹೆಚ್ಚಿನ ಮಾತನ್ನು ಅದರಿಂದ ಕೇಳುವುದಿಲ್ಲ.

ಮಾರ್ಚ್: ಜೋಡಿಸಿದ್ದು

ಬೋರಿನಿಂದ ಸಾಲಾಗಿ ಹೇಳುತ್ತೇನೆ. ಮೊದಲು ನಾನ್-ರಿಟರ್ನ್ ವಾಲ್ವ್. ಇದಿಲ್ಲದಿದ್ದರೆ ಕರೆಂಟು ಹೋದ ಕೂಡಲೇ ಪೈಪಿನ ನೀರು ಹಿಂದಕ್ಕೆ ಜಾರಿ ಗೊಬ್ಬರ ಬೋರಿಗೆ ಇಳಿಯುತ್ತದೆ. ಅದೇ ನೀರನ್ನು ಮನೆಯವರೂ ಕುಡಿಯುತ್ತೇವೆ, ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ. ಆಮೇಲೆ ಗಾಳಿ ವಾಲ್ವ್, ಪ್ರೆಷರ್ ಸ್ವಿಚ್, ಡಿಸ್ಕ್ ಫಿಲ್ಟರ್, 10 ಲೀಟರಿಗೊಂದು ಪಲ್ಸ್ (ವಿದ್ಯುತ್ ಸಂಕೇತ) ಕೊಡುವ ನೀರಿನ ಮೀಟರ್, ಡೋಸರ್, ಎರಡನೇ ಫಿಲ್ಟರ್, ಅಲ್ಲಿಂದ ವಿದ್ಯುತ್ತಿನಿಂದ ತೆರೆದು ಮುಚ್ಚುವ ಮೂರು ಸೋಲೆನಾಯ್ಡ್ ವಾಲ್ವ್.

ಕಂಟ್ರೋಲರ್ ಸಣ್ಣದು, 12 ವೋಲ್ಟ್ ಬ್ಯಾಟರಿ ಮತ್ತು ಪುಟ್ಟ ಸೋಲಾರ್ ಪ್ಲೇಟಿನ ಮೇಲೆ ನಡೆಯುತ್ತದೆ. ಅದು ಗಡಿಯಾರ ನೋಡುವುದಿಲ್ಲ, ಪಲ್ಸ್ ಎಣಿಸುತ್ತದೆ. ತ್ರೀ ಫೇಸ್ ಬಂತು, ಆಟೋ ಸ್ಟಾರ್ಟರ್ ಪಂಪ್ ಎತ್ತಿತು, ಒತ್ತಡ 1 ಕೆಜಿ ದಾಟಿ ಎರಡು ನಿಮಿಷ ನಿಂತಿತು, ಆಮೇಲೆ ಎಣಿಕೆ ಶುರು. ಅರ್ಧ ಎಕರೆ ಪಪ್ಪಾಯಿಗೆ ಮೊದಲು 1,600 ಲೀಟರ್ ಬರೀ ನೀರು, ನಂತರ 2,420 ಲೀಟರ್ ಗೊಬ್ಬರದ್ದು, ಕೊನೆಗೆ 820 ಲೀಟರ್ ಮತ್ತೆ ಬರೀ ನೀರು. ನಡುವಿನ ಪಾಲಿಗೆ ಶೇ 1ರಂತೆ 24 ಲೀಟರ್ ದ್ರಾವಣ ಬೇಕು. ಅದರಲ್ಲಿ 3 ಕೆಜಿ ಗೊಬ್ಬರ ಕರಗಿಸಿದರೆ ಗಿಡಕ್ಕೆ ಸುಮಾರು 5 ಗ್ರಾಂ ಬೀಳುತ್ತದೆ.

ಬರೀ ನೀರು ಹರಿಯುವಾಗ ಡೋಸರ್ ಖಾಲಿ ಎಳೆಯಬಾರದು. ಅದಕ್ಕೆ ಎಳೆಯುವ ಕೊಳವೆಗೆ ಮೂರು ದಾರಿಯ ವಾಲ್ವ್: ಒಂದು ದಾರಿ ಗೊಬ್ಬರದ ಡ್ರಮ್ಮಿಗೆ, ಇನ್ನೊಂದು ಬರೀ ನೀರಿನ ಡ್ರಮ್ಮಿಗೆ. ಡೋಸರಿನ ಹೊಟ್ಟೆಯೂ ತೊಳೆದ ಹಾಗಾಗುತ್ತದೆ. ಹೊಲದ ವಾಲ್ವುಗಳು ಲ್ಯಾಚಿಂಗ್ ಜಾತಿ, ಬ್ಯಾಟರಿ ಉಳಿಯುತ್ತದೆ, ಆದರೆ ಬ್ಯಾಟರಿ ಸತ್ತರೆ ಇದ್ದ ಸ್ಥಿತಿಯಲ್ಲೇ ನಿಲ್ಲುತ್ತವೆ. ಗೊಬ್ಬರದ ವಾಲ್ವ್ ಮಾತ್ರ ಸಾದಾ 12 ವೋಲ್ಟಿನದು ತಂದೆ: ವಿದ್ಯುತ್ ಇಲ್ಲ ಅಂದರೆ ಸ್ಪ್ರಿಂಗಿನಿಂದ ತಾನೇ ಬರೀ ನೀರಿನ ಕಡೆ ತಿರುಗುತ್ತದೆ.

ಏಪ್ರಿಲ್, ಮೇ

ಕರೆಂಟು ಹೋಗುವುದಕ್ಕೆ ಬಹಳ ಕಾಯಬೇಕಾಗಲಿಲ್ಲ. ಗೊಬ್ಬರದ ಪಾಲು ನಡೆದಿರುವಾಗಲೇ ಪಂಪ್ ನಿಂತಿತು, ಎಣಿಕೆ 2,900 ಲೀಟರಿನಲ್ಲಿ ಹಾಗೇ ಇತ್ತು. ಬೆಳಗಿನ ಜಾವ ಲೈಟ್ ಬಂದಾಗ ಅಲ್ಲಿಂದಲೇ ಮುಂದುವರಿದು ಮುಗಿಸಿದೆ. ಡ್ರಮ್ಮಿನಲ್ಲಿ ಉಳಿದ ದ್ರಾವಣ ಅಳೆದೆ, ಲೆಕ್ಕಕ್ಕೆ ಸರಿಯಾಗಿತ್ತು. ಕಾಕಾ ನೋಡಿ, "ನೆನಪ ಇಟ್ಕೊಂಡದ ನೋಡು" ಅಂದರು. ಹೊಗಳಿಕೆಯೇ ಇರಬೇಕು.

ಮೇ ಹೊತ್ತಿಗೆ ಡ್ರಮ್ ತುಂಬಲು 80 ಸೆಕೆಂಡ್, ಅಂದರೆ 9,000 ಲೀಟರಿಗೆ ಇಳಿದಿದೆ. ಪಪ್ಪಾಯಿಯ ಎರಡು ಬ್ಲಾಕ್ ಈಗ ಒಟ್ಟಿಗೆ ತೆರೆಯುವುದಿಲ್ಲ. ಗೊಬ್ಬರದ ಲೆಕ್ಕ ಮುಟ್ಟಬೇಕಾಗಿಲ್ಲ. ಫಿಲ್ಟರ್ ಮಾತ್ರ ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು, ಇದಕ್ಕೆ ಯಾವ ಕಂಟ್ರೋಲರೂ ಬರುವುದಿಲ್ಲ. 13:0:45 ಕರಗಿಸುವಾಗ ನೀರು ತಣ್ಣಗಾಗುತ್ತ ಹೋಗಿ ಕಾಳು ತಳದಲ್ಲೇ ಕೂರುತ್ತದೆ. ಹಿಂದಿನ ಸಂಜೆಯೇ ಬಿಸಿಲಿಗೆ ಇಟ್ಟ ನೀರಿನಲ್ಲಿ ಕರಗಿಸಿದರೆ ಮುಗಿಯಿತು.

ಇನ್ನು ಉಳಿದದ್ದು

ಟೊಮ್ಯಾಟೊ ಕಾಯಿಯ ಬುಡ ಕಪ್ಪಾಗುತ್ತಿದೆ, ಕ್ಯಾಲ್ಸಿಯಂ ನೈಟ್ರೇಟ್ ಬೇಕು. ಅದನ್ನು ಸಲ್ಫೇಟ್, ಫಾಸ್ಫೇಟ್ ಇರುವ ಗೊಬ್ಬರದ ಡ್ರಮ್ಮಿಗೆ ಹಾಕುವಂತಿಲ್ಲ. ಗಾಜಿನ ಬಾಟಲಿಯಲ್ಲಿ ಸಲ್ಫೇಟ್ ಇರುವ 0:0:50 ಜೊತೆ ಬೆರೆಸಿ ನೋಡಿದೆ, ತಳದಲ್ಲಿ ಬಿಳಿ ಜಿಪ್ಸಂ ಕೂತಿತು. ಪೈಪಿನಲ್ಲಿ ಕೂತರೆ ಡ್ರಿಪ್ಪರ್ ಮುಗಿದಂತೆ. ಎರಡನೇ ಡ್ರಮ್ಮು, ಅದಕ್ಕೊಂದು ವಾಲ್ವ್ ಮುಂದಿನ ತಿಂಗಳು. ಒಂದೇ ದಿನ ಎರಡೂ ಬಿಡದೆ ದಿನ ಬಿಟ್ಟು ದಿನ ಬಿಡುವ ಹಾಗೆ ಕಂಟ್ರೋಲರಿಗೆ ಹೇಳಬೇಕು. ಬಿಳಿ ಕಲೆಗೆ ಆಸಿಡ್ ಕೊಡುವುದು ಸದ್ಯಕ್ಕೆ ಕೈಯಿಂದಲೇ, ಆಸಿಡನ್ನು ನೀರಿಗೆ ಹಾಕಿ, ನೀರನ್ನು ಆಸಿಡಿಗೆ ಹಾಕದೆ. ಅದನ್ನೂ ಡೋಸರಿಗೆ ಒಪ್ಪಿಸುವುದಾದರೆ ಸೀಲ್ ಬೇರೆ ಜಾತಿಯದು ಬೇಕು. ಬೀದರಿನ ಅಂಗಡಿಯವರು ತರಿಸಿಕೊಡುತ್ತೇವೆ ಅಂದಿದ್ದಾರೆ, ಬಂದರೆ ಮುಂಗಾರಿಗೆ ಮೊದಲು ಹಾಕುತ್ತೇನೆ.