ಕಾಲುಸಂಕದ ಅರ್ಜಿ ಹಿಡಿದು ಶಾಸಕರ ಹಿಂದೆ

ಮಲೆನಾಡಿನ ಹಳ್ಳಗಳಿಗೆ ಎರಡು ಮುಖ. ಬೇಸಿಗೆಯಲ್ಲಿ ದಾಟಿದರೆ ಪಾದವೂ ಸರಿಯಾಗಿ ನೆನೆಯುವುದಿಲ್ಲ. ಜುಲೈನಲ್ಲಿ ಅದೇ ಹಳ್ಳ ಎದೆಮಟ್ಟ ಕೆಂಪು ನೀರು. ನಮ್ಮೂರ ಹಳ್ಳದ ಆಚೆ ಹದಿನೆಂಟು ಮನೆಗಳಿವೆ. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಡೈರಿ ಎಲ್ಲ ಈಚೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಊರವರೇ ಸೇರಿ ಅಡಿಕೆ ಮರ ಹಾಸಿ, ಬಿದಿರಿನ ಹಿಡಿಕೆ ಕಟ್ಟಿ ಸಂಕ ಮಾಡುತ್ತಾರೆ. ಎರಡು ವಾರದಲ್ಲಿ ಅದರ ಮೇಲೆ ಪಾಚಿ. ಆಮೇಲೆ ಮಕ್ಕಳು ಕೂತು ಜಾರಿಕೊಂಡೇ ದಾಟಬೇಕು. ಜೋರು ಮಳೆ ಬಂದರೆ ಶಾಲೆಗೆ ರಜ, ಹಾಲು ಮನೆಯಲ್ಲೇ.

ಸಿಮೆಂಟಿನ ಕಾಲುಸಂಕ ಬೇಕು ಅಂತ ಕೊಟ್ಟ ಅರ್ಜಿಗಳು ಪಂಚಾಯ್ತಿಯಲ್ಲೇ ಒಂದು ಫೈಲ್ ಆಗಿವೆ. ಕೊನೆಗೆ ಪಂಚಾಯ್ತಿಯ ಹಳೆಯ ಸದಸ್ಯರೊಬ್ಬರು ದಾರಿ ಹೇಳಿದರು. "ಶಾಸಕರನ್ನು ಊರಲ್ಲಿ ಹಿಡೀಬೇಡಿ. ಇಲ್ಲಿ ಅವರಿಗೆ ದಿನಕ್ಕೆ ನಾಲ್ಕು ಮದುವೆ, ಎರಡು ಗೃಹಪ್ರವೇಶ, ಒಂದು ಸಾವಿನ ಮನೆ. ಅಧಿವೇಶನ ನಡೆಯುವಾಗ ಬೆಂಗಳೂರಿಗೆ ಹೋಗಿ. ಆಷಾಢ ಬೇರೆ, ಮದುವೆನೂ ಇಲ್ಲ."

ಹಾಗಾಗಿ ಮಳೆಗಾಲದ ಅಧಿವೇಶನಕ್ಕೆ ನಾವೊಂದಿಷ್ಟು ಜನ ಶಿವಮೊಗ್ಗದಲ್ಲಿ ರಾತ್ರಿ ರೈಲು ಹತ್ತಿದೆವು. ಪಂಚಾಯ್ತಿ ಸದಸ್ಯೆ, ಅವರ ಗಂಡ, ಶಾಲೆಯ ಮೇಷ್ಟ್ರು, ನನ್ನ ದೊಡ್ಡಪ್ಪ, ಜೊತೆಗೆ ನಾನು. ನನ್ನ ಕೆಲಸ ಇಷ್ಟೇ: ಅರ್ಜಿ ಬರೆಯುವುದು, ಫೋಟೋ ಪ್ರಿಂಟ್ ಹಾಕಿಸುವುದು, ಮಾತು ನಿಂತರೆ ಮುಂದುವರಿಸುವುದು.

ಬೆಳಿಗ್ಗೆ ಏಳಕ್ಕೆ ಶಾಸಕರ ಭವನ ತಲುಪಿದಾಗ ರೂಮಿನ ಮುಂದೆ ಆಗಲೇ ಜನ. ಎಲ್ಲ ನಮ್ಮ ಜಿಲ್ಲೆಯ ಮುಖಗಳೇ. ಇನ್ನೂರೈವತ್ತು ಕಿಲೋಮೀಟರಿಗಿಂತ ಜಾಸ್ತಿ ದೂರ ಬಂದು ಪಕ್ಕದೂರಿನವರನ್ನೇ ಮಾತಾಡಿಸಿದ್ದಾಯಿತು. ಒಬ್ಬರಿಗೆ ಮಗಳ ವರ್ಗಾವಣೆ. ಇನ್ನೊಬ್ಬರಿಗೆ ಹಾಸ್ಟೆಲ್ ಸೀಟು. ಒಬ್ಬ ಹುಡುಗ ಅಪ್ಪನ ಆಪರೇಷನ್ ಬಿಲ್ ಹಿಡಿದು ಮುಖ್ಯಮಂತ್ರಿ ಪರಿಹಾರ ನಿಧಿಗೆ ಪತ್ರ ಕೇಳಲು ಬಂದಿದ್ದ. ಅವನು ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ, ನೋಡಿದರೆ ಗೊತ್ತಾಗುತ್ತಿತ್ತು. ಅವನನ್ನು ಎಲ್ಲರೂ ಸುಮ್ನೆ ಮುಂದೆ ಬಿಟ್ಟರು.

ಒಳಗೆ ಶಾಸಕರು ಬಿಳಿ ಪಂಚೆ, ಬನಿಯನ್‌ನಲ್ಲಿ ಕೂತಿದ್ದರು. ಮೂಗಿನ ತುದಿಗೆ ಓದುವ ಕನ್ನಡಕ. ತೊಡೆಯ ಮೇಲೆ ಒಂದು ರಟ್ಟು, ಅದರ ಮೇಲೆ ಲೆಟರ್‌ಹೆಡ್. ಪಿಎ ಒಂದೊಂದೇ ಪತ್ರ ಇಡುತ್ತಿದ್ದ, ಇವರು ಎರಡು ಸಾಲು ಓದಿ ಸಹಿ ಹಾಕುತ್ತಿದ್ದರು. ಎಲ್ಲರಿಗೂ ಪತ್ರ ಸಿಗುತ್ತಿತ್ತು. ಇಲ್ಲ ಅಂದಿದ್ದು ನಾನು ಕೇಳಲೇ ಇಲ್ಲ. ಆದರೆ ಎಲ್ಲ ಪತ್ರಕ್ಕೂ ಒಂದೇ ತೂಕ ಇರಲಿಲ್ಲ. ಕೆಲವನ್ನು ಸಹಿ ಮಾಡಿ ಅರ್ಜಿದಾರರ ಕೈಗೇ ಕೊಟ್ಟುಬಿಡುತ್ತಿದ್ದರು. ಕೆಲವನ್ನು ಪಿಎ ತನ್ನ ಪ್ಲಾಸ್ಟಿಕ್ ಕವರಿಗೆ ಸೇರಿಸಿಕೊಳ್ಳುತ್ತಿದ್ದ. ಕವರಿಗೆ ಹೋದದ್ದಕ್ಕೆ ಮಾತ್ರ ಆಮೇಲೆ ಫೋನ್ ಹೋಗುತ್ತದೆ ಅಂತ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಸ್ಪತ್ರೆ ಹುಡುಗನ ಪತ್ರ ಕವರಿಗೆ ಹೋಯಿತು.

ನಮ್ಮ ಸರದಿ ಬಂತು. ನಾನು ಫೋಟೋ ತೋರಿಸಿದೆ. ಅವರು ಫೋಟೋ ನೋಡಲಿಲ್ಲ.

"ಎಷ್ಟು ಉದ್ದ?"

"ಹನ್ನೆರಡು ಮಾರು" ಅಂದರು ದೊಡ್ಡಪ್ಪ. ಹಗ್ಗ ಹಿಡಿದು ಅಳೆದವರು ಅವರೇ.

"ಅಂದ್ರೆ ಎಪ್ಪತ್ತು ಅಡಿ. ನಡುವೆ ಬಂಡೆ ಇದೆಯಾ, ಬರೀ ಮರಳಾ? ಎಸ್ಟಿಮೇಟ್ ಆಗಿದೆಯಾ?"

ಎಸ್ಟಿಮೇಟ್ ಯಾರೂ ಮಾಡಿರಲಿಲ್ಲ. ಇಷ್ಟು ವರ್ಷದ ಅರ್ಜಿಗಳಲ್ಲಿ ಒಂದಕ್ಕೂ ಅಂದಾಜು ಪಟ್ಟಿ ಇಲ್ಲ. ಅದಿಲ್ಲದ ಅರ್ಜಿಯನ್ನು ಯಾವ ಮಂತ್ರಿಯೂ ಮುಟ್ಟಲ್ಲ ಅಂದರು. ಅಲ್ಲೇ ತಾಲ್ಲೂಕಿನ ಎಂಜಿನಿಯರಿಗೆ ಫೋನ್ ಹಚ್ಚಿದರು. ನಾವೆಲ್ಲ ಕೇಳಲಿ ಅಂತ ಸ್ಪೀಕರ್ ಬೇರೆ ಹಾಕಿದರು. ಅದು ಸ್ವಲ್ಪ ನಮಗಾಗಿ ಮಾಡಿದ ನಾಟಕವೇ. ಆದರೆ ನಾಟಕದ ಮರುದಿನವೇ ಎಂಜಿನಿಯರ್ ಟೇಪು ಹಿಡಿದು ಹಳ್ಳಕ್ಕೆ ಬಂದಿದ್ದರಂತೆ, ಅದನ್ನೂ ಹೇಳಬೇಕು.

ಮೇಷ್ಟ್ರು ಕೇಳಿದರು, "ಸರ್, ನಿಮ್ಮ ಶಾಸಕರ ನಿಧಿಯಿಂದಲೇ ಕೊಟ್ಟುಬಿಡಬಹುದಲ್ವಾ?"

ಶಾಸಕರು ನಕ್ಕರು. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದು ಅವರ ಜೇಬಿನಲ್ಲಿ ಇರುವುದಿಲ್ಲ, ಜಿಲ್ಲಾಧಿಕಾರಿ ಹತ್ತಿರ ಇರುತ್ತದೆ. ಶಾಸಕರು ಕಾಮಗಾರಿಯ ಹೆಸರು ಬರೆದುಕೊಡಬಹುದು, ಅಷ್ಟೇ. "ನನ್ನ ಕ್ಷೇತ್ರದಲ್ಲಿ ಹತ್ತಿರ ಹತ್ತಿರ ಮುನ್ನೂರು ಹಳ್ಳಿ. ಹಂಚಿದ್ರೆ ಒಂದೂರಿಗೆ ಒಂದು ಲಕ್ಷವೂ ಬರಲ್ಲ. ಅದರಲ್ಲಿ ಸಮುದಾಯ ಭವನ ಕೇಳೋರು ಬೇರೆ, ಬಸ್ ಸ್ಟ್ಯಾಂಡ್ ಕೇಳೋರು ಬೇರೆ. ನಿಮ್ಮ ಸಂಕ ಲೋಕೋಪಯೋಗಿ ಇಲಾಖೆಯಿಂದಲೇ ಆಗಬೇಕು."

ಮಧ್ಯಾಹ್ನ ಮಂತ್ರಿಗಳ ಹತ್ತಿರ ಹೋಗೋಣ, ಅಲ್ಲಿಯವರೆಗೆ ಸದನ ನೋಡಿ ಅಂತ ನಮಗೆ ಪಾಸ್ ಮಾಡಿಸಿಕೊಟ್ಟರು.

ವಿಧಾನಸೌಧದ ಮುಂದೆ ದೊಡ್ಡಪ್ಪ ಕತ್ತೆತ್ತಿ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಜೋರಾಗಿ ಓದಿದರು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಿದ್ದು, 1956ರಲ್ಲಿ ಮುಗಿದದ್ದು ಅಂತ ಮೇಷ್ಟ್ರು ಪಾಠ ಶುರು ಮಾಡಿದರು. ದೊಡ್ಡಪ್ಪನ ಗಮನ ಬೇರೆ ಕಡೆ ಇತ್ತು. "ದೇವರ ಕೆಲಸ ಅಂತ ಮೊದಲೇ ಬರೆದಿಟ್ಟಿದ್ದಾರೆ ನೋಡು. ಹರಕೆ ಹೊತ್ಕೊಂಡು ಕಾಯೋದು ನಮ್ಮ ಕೆಲಸ."

ಮೊಬೈಲ್ ಕೊಟ್ಟು, ತಪಾಸಣೆ ಮುಗಿಸಿ ಗ್ಯಾಲರಿಯಲ್ಲಿ ಕೂತೆವು. ಮೊದಲು ಬೆಲ್ ಹೊಡೆಯುತ್ತಲೇ ಇತ್ತು. ಹತ್ತನೇ ಒಂದು ಭಾಗ ಸದಸ್ಯರು ಬಾರದೆ ಸದನ ಶುರುವಾಗುವ ಹಾಗಿಲ್ಲ. 224 ಜನರ ಸಭೆಯಲ್ಲಿ ಅಷ್ಟು ಜನ ಸೇರಲು ಅಷ್ಟು ಹೊತ್ತು ಬೆಲ್ ಹೊಡೆಯಬೇಕು ಅನ್ನುವುದು ಟಿವಿಯಲ್ಲಿ ನೋಡಿದರೆ ತಿಳಿಯುವುದಿಲ್ಲ. ನಮ್ಮ ಶಾಸಕರು ಬೆಲ್ ಹೊಡೆಯುವ ಮೊದಲೇ ಬಂದು ಕೂತಿದ್ದರು. ಅವತ್ತು ಅವರದೊಂದು ಚುಕ್ಕೆ ಗುರುತಿನ ಪ್ರಶ್ನೆ ಇತ್ತು. ಚುಕ್ಕೆ ಇದ್ದರೆ ಮಂತ್ರಿ ಸದನದಲ್ಲಿ ಎದ್ದು ಉತ್ತರ ಕೊಡಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಇಲ್ಲದಿದ್ದರೆ ಬರೀ ಕಾಗದದ ಉತ್ತರ. ಚುಕ್ಕೆಯ ಪಟ್ಟಿಗೆ ಬರುವುದೇ ಅದೃಷ್ಟ, ಚೀಟಿ ಎತ್ತಬೇಕು ಅಂತ ಪಿಎ ಮೊದಲೇ ಹೇಳಿದ್ದ.

ಪ್ರಶ್ನೆ ಮಂಗನ ಕಾಯಿಲೆಯದ್ದು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ, ಕಾಡಿನ ಉಣ್ಣೆ ಕಚ್ಚಿ ಬರುವುದು. ಇವತ್ತಿಗೂ ಬೇಸಿಗೆ ಬಂದರೆ ಸೊಪ್ಪು, ದರಗು (ಒಣಗಿ ಬಿದ್ದ ಎಲೆ) ತರಲು ಕಾಡಿಗೆ ಹೋಗುವವರಿಗೆ ಅದೇ ಭಯ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದು ಯಾವಾಗ, ಅಲ್ಲಿಯವರೆಗೆ ನಮ್ಮ ಜನ ಏನು ಮಾಡಬೇಕು ಅಂತ ಇವರ ಪ್ರಶ್ನೆ.

ಊರ ವೇದಿಕೆಯಲ್ಲಿ ಮೈಕ್ ಹಿಡಿದರೆ ಇವರು ಬಿಡುವ ಪೈಕಿ ಅಲ್ಲ. ಇಲ್ಲಿ ಮಾತ್ರ "ಮಾನ್ಯ ಸಭಾಧ್ಯಕ್ಷರೇ, ಒಂದೇ ನಿಮಿಷ" ಅಂತ ಕೈ ಎತ್ತಿ ಕೇಳುತ್ತಿದ್ದರು. ಆ ಒಂದು ನಿಮಿಷದಲ್ಲಿ ಅವರು ಹೇಳಿದ್ದು ಚೆನ್ನಾಗಿಯೇ ಇತ್ತು. ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಆಸ್ಪತ್ರೆಯಲ್ಲಿ ಕಾಯಿಲೆ ಬರುವ ಮೊದಲೇ ಸಿಗಬೇಕು, ಬಂದ ಮೇಲಲ್ಲ ಅಂದರು. ಕರಾವಳಿ ಕಡೆಯ ಇನ್ನೊಬ್ಬ ಸದಸ್ಯರು ಎದ್ದು ದನಿ ಸೇರಿಸಿದರು. ಮಂತ್ರಿಗಳು ಪರಿಶೀಲಿಸುತ್ತೇವೆ ಅಂದರು. ಮುಂದಿನ ಪ್ರಶ್ನೆಗೆ ಹೋಯಿತು.

ಆಮೇಲೆ ಯಾವುದೋ ವಿಷಯಕ್ಕೆ ಎರಡೂ ಕಡೆಯವರು ಎದ್ದು ಕೂಗಾಡಿದರು. ಮರುದಿನದ ಪೇಪರಿನಲ್ಲಿ ಅದರದ್ದೇ ಸುದ್ದಿ, ದೊಡ್ಡ ಫೋಟೋ. ನಾನು ನೋಡಿದ ಪೇಪರಿನಲ್ಲಿ ಮಂಗನ ಕಾಯಿಲೆ ಒಂದು ಸಾಲೂ ಇರಲಿಲ್ಲ. ಊರಲ್ಲಿ ಆ ಪ್ರಶ್ನೆಯ ಬಗ್ಗೆ ಇವತ್ತಿನವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಶಾಸಕರು ಮದುವೆಗೆ ಬಾರದಿದ್ದರೆ ವರ್ಷಗಟ್ಟಲೆ ನೆನಪಿಡುವ ಜನ ನಾವು. ಹಾಗಿರುವಾಗ ಅವರು ಬೆಲ್‌ಗೆ ಮೊದಲು ಬಂದು ಕೂರುವುದೇ ನನಗೆ ಆಶ್ಚರ್ಯ.

ಮಧ್ಯಾಹ್ನ ವಿಕಾಸಸೌಧ. ಮಂತ್ರಿಗಳ ಕೊಠಡಿಯ ಹೊರಗೆ ಕಾಯುವ ಜಾಗ. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಶಾಸಕರೇ. ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು. ನಮ್ಮವರಿಗೆ ಕುರ್ಚಿ ಸಿಗಲಿಲ್ಲ. ಗೋಡೆಗೆ ಒರಗಿ ನಿಂತರು. ಊರಲ್ಲಿ ಇವರ ಕಾರು ಬಂತೆಂದರೆ ತಹಶೀಲ್ದಾರರು ಮೆಟ್ಟಿಲು ಇಳಿದು ಬರುತ್ತಾರೆ. ಇಲ್ಲಿ ಬಾಗಿಲ ಹತ್ತಿರದ ಹುಡುಗ ಚೀಟಿ ಒಳಗೆ ತೆಗೆದುಕೊಂಡು ಹೋಗಿ, ಹೊರಗೆ ಬಂದು, "ಸ್ವಲ್ಪ ಇರಿ ಸರ್" ಅನ್ನುತ್ತಿದ್ದ. ಇವರು ಸರಿ ಅನ್ನುತ್ತಿದ್ದರು. ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಿರೋಧ ಪಕ್ಷದ ಶಾಸಕರ ಜೊತೆ ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಮಾತಾಡುತ್ತಿದ್ದರು. ಯಾವ ಔಷಧಿ ಹೊಡೆದರೆ ತಡೆಯುತ್ತದೆ, ದೋಟಿ (ಉದ್ದನೆಯ ಕೋಲು) ಹಿಡಿಯಲು ಆಳು ಎಲ್ಲಿ ಸಿಗುತ್ತಾರೆ. ಬೆಳಿಗ್ಗೆ ಕೂಗಾಡಿದವರಲ್ಲಿ ಆ ಇನ್ನೊಬ್ಬರೂ ಇದ್ದರು.

ಒಳಗೆ ಸಿಕ್ಕಿದ್ದು ಮೂರೋ ನಾಲ್ಕೋ ನಿಮಿಷ. ಮಂತ್ರಿಗಳು ಪತ್ರದ ಅಂಚಿನಲ್ಲಿ ಓರೆಯಾಗಿ ಎರಡು ಸಾಲು ಬರೆದು ಸಹಿ ಹಾಕಿದರು. ಹೊರಗೆ ಬಂದ ತಕ್ಷಣ ಪಿಎ ಓಡಿದ್ದು ಜೆರಾಕ್ಸ್ ಮಾಡಿಸಲು. ಮೂರು ಪ್ರತಿ. ಒಂದು ನಮಗೆ, ಒಂದು ಅವನ ಕವರಿಗೆ, ಒಂದು ಜಿಲ್ಲೆಯ ಕಚೇರಿಗೆ. ಮೂಲ ಪ್ರತಿಯನ್ನು ಟಪಾಲಿಗೆ ಹಾಕಿ, ನಂಬರ್ ಬರೆಸಿಕೊಂಡು ಬಂದ. "ಮಂತ್ರಿಗಳ ಸಹಿ ಕಳೆದ್ರೆ ಇನ್ನೊಂದು ತರಬಹುದು. ಈ ನಂಬರ್ ಕಳೆದ್ರೆ ಫೈಲ್ ಯಾವ ಟೇಬಲ್ ಮೇಲಿದೆ ಅಂತ ದೇವರಿಗೂ ಗೊತ್ತಾಗಲ್ಲ." ನನಗೆ ಆವತ್ತು ಸಿಕ್ಕ ಅತಿ ಉಪಯೋಗದ ಮಾತು ಅದು. ಆಮೇಲೆ ಆ ನಂಬರ್ ಹೇಳಿಯೇ ನಾನು ಎಷ್ಟೋ ಸಲ ಫೋನ್ ಮಾಡಿದ್ದೇನೆ.

ತಾಲ್ಲೂಕಿನ ಕೆಡಿಪಿ ಸಭೆ ನಡೆದದ್ದು ಅದಾಗಿ ಕೆಲವು ವಾರಕ್ಕೆ. ಮೂರು ತಿಂಗಳಿಗೊಮ್ಮೆ ಶಾಸಕರು ಅಧ್ಯಕ್ಷತೆ ವಹಿಸಿ ಎಲ್ಲ ಇಲಾಖೆಗಳ ಲೆಕ್ಕ ಕೇಳುವ ಸಭೆ. ಪತ್ರಕರ್ತ ಗೆಳೆಯನ ಜೊತೆ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಇಲ್ಲಿ ಅವರು ಮತ್ತೆ ಪೂರ್ತಿ ಗಾತ್ರದ ಶಾಸಕರು. ಕೃಷಿ, ಶಿಕ್ಷಣ, ಕುಡಿಯುವ ನೀರು ಅಂತ ಒಬ್ಬೊಬ್ಬರೇ ಅಧಿಕಾರಿ ಎದ್ದು ಓದುತ್ತಿದ್ದರು. ಬಹುಪಾಲು 'ಪ್ರಗತಿಯಲ್ಲಿದೆ'. ಲೋಕೋಪಯೋಗಿ ಎಂಜಿನಿಯರ್ ನಮ್ಮ ಸಂಕದ ಅಂದಾಜು ಪಟ್ಟಿ ಸಿದ್ಧವಾಗಿದೆ ಅಂದರು. ಖುಷಿಯಾಯಿತು. ಅಷ್ಟರಲ್ಲಿ ವಲಯ ಅರಣ್ಯಾಧಿಕಾರಿ ಎದ್ದರು. ಹಳ್ಳದ ಒಂದು ದಡ ಅರಣ್ಯದ ನಕ್ಷೆಯಲ್ಲಿದೆ, ಅನುಮತಿ ಬೇಕು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಲೆನಾಡಿನಲ್ಲಿ ಈ ಮಾತಿನ ಮೇಲೆ ನಿಂತುಹೋದ ರಸ್ತೆಗಳು, ಕರೆಂಟ್ ಕಂಬಗಳು ಬೇಕಾದಷ್ಟಿವೆ. ಶಾಸಕರು ದನಿ ಏರಿಸುತ್ತಾರೆ, ಪೇಪರಿಗೊಂದು ಸುದ್ದಿ ಆಗುತ್ತದೆ, ಸಂಕ ಆಗುವುದಿಲ್ಲ ಅನ್ನಿಸಿತು. ಅವರು ದನಿ ಏರಿಸಲಿಲ್ಲ. "2006ರ ಅರಣ್ಯ ಹಕ್ಕು ಕಾಯ್ದೆ, 3ನೇ ಸೆಕ್ಷನ್, 2ನೇ ಉಪವಿಭಾಗ ಓದಿ" ಅಂದರು. ರಸ್ತೆ, ಶಾಲೆ, ಅಂಗನವಾಡಿಯಂಥ ಸರ್ಕಾರಿ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವಂತಿಲ್ಲ. ಗ್ರಾಮಸಭೆ ಶಿಫಾರಸು ಮಾಡಿರಬೇಕು. ಸಂಕ ಅಂದರೆ ಶಾಲೆಗೆ ಹೋಗುವ ರಸ್ತೆಯ ಭಾಗವೇ ಅಂತ ಅವರ ವಾದ. "ನೀವು ಪ್ರಸ್ತಾವನೆ ನಿಮ್ಮ ಮೇಲಧಿಕಾರಿ ಡಿಎಫ್‌ಒಗೆ ಕಳಿಸಿ. ಗ್ರಾಮಸಭೆ ನಿರ್ಣಯ ನಾನು ತರಿಸ್ತೀನಿ." ಅರಣ್ಯಾಧಿಕಾರಿ ಬರೆದುಕೊಂಡರು.

ಈ ಸೆಕ್ಷನ್ ಅವರಿಗೆ ಗೊತ್ತಿದ್ದದ್ದು ಶರಾವತಿ ಅಣೆಕಟ್ಟಿನ ಮುಳುಗಡೆಯವರ ಜಮೀನು, ಸರ್ಕಾರಿ ಜಾಗದ ಸಾಗುವಳಿ ಸಕ್ರಮ ಕೇಳುವ ಬಗರ್ ಹುಕುಂ ಅರ್ಜಿ ಅಂತ ವರ್ಷಗಟ್ಟಲೆ ಅದೇ ಫೈಲುಗಳನ್ನು ತಿರುವಿ ಹಾಕಿದ್ದರಿಂದ ಅಂತ ಗೆಳೆಯ ಹೇಳಿದ. ಅವರ ಪಕ್ಷಕ್ಕೆ ನಾನು ವೋಟು ಹಾಕಿದವನಲ್ಲ, ಮುಂದೆಯೂ ಹಾಕುತ್ತೇನೋ ಇಲ್ಲವೋ. ಆದರೆ ಶಾಸಕರ ಕೆಲಸ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಗುದ್ದಲಿ ಪೂಜೆಯ ಫೋಟೋ ತೋರಿಸುವುದಿಲ್ಲ, ಆ ಸಭೆಯ ಐದು ನಿಮಿಷದ ಕಥೆ ಹೇಳುತ್ತೇನೆ.

ಗ್ರಾಮಸಭೆ ಸುಲಭವಾಗಿ ನಡೆಯಲಿಲ್ಲ. ಈಚೆ ಕೇರಿಯವರಿಗೆ ಸಂಕಕ್ಕಿಂತ ಮೊದಲು ಬೋರ್‌ವೆಲ್ ಬೇಕಿತ್ತು. ಎರಡು ಗಂಟೆ ಜಗಳವಾಗಿ, ಪಂಚಾಯ್ತಿ ಸದಸ್ಯೆಯ ದನಿ ಬಿದ್ದುಹೋದ ಮೇಲೆ ನಿರ್ಣಯಕ್ಕೆ ಸಹಿ ಬಿತ್ತು. ಆಮೇಲೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್. ಒಂದೊಂದಕ್ಕೂ ಆ ಟಪಾಲು ನಂಬರು, ಒಂದೊಂದಕ್ಕೂ ಪಿಎಗೆ ಫೋನು.

ಈಗ ಎರಡೂ ದಡದಲ್ಲಿ ಕಲ್ಲಿನ ಕಟ್ಟಣೆ ಎದ್ದಿದೆ. ಮೇಲಿನ ಸ್ಲ್ಯಾಬ್ ಮಳೆ ಬಿಟ್ಟ ಮೇಲೆ ಅಂತ ಗುತ್ತಿಗೆದಾರರ ಮಾತು. ಸಂಕದಿಂದ ಶಾಲೆಯವರೆಗಿನ ಏರು ದಾರಿ ಮಾತ್ರ ಇನ್ನೂ ಕೆಸರು. ಅದಕ್ಕೊಂದು ಅರ್ಜಿ ಬರೆದಾಗಿದೆ, ಈ ಸಲ ಎಸ್ಟಿಮೇಟ್ ಲಗತ್ತಿಸಿಯೇ. ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ಅಂತ ದೊಡ್ಡಪ್ಪ ಆಗಲೇ ಬಸ್ಸಿನ ಟೈಮ್ ವಿಚಾರಿಸುತ್ತಿದ್ದಾರೆ. ಪಿಎಗೆ ಫೋನ್ ಮಾಡಿದೆ. "ಅಲ್ಲಿ ಶಾಸಕರ ಭವನ ಇಲ್ಲ ಸರ್, ಎಲ್ಲರೂ ಹೋಟೆಲ್‌ನಲ್ಲಿ ಇರ್ತಾರೆ. ಸೀದಾ ಸುವರ್ಣಸೌಧದ ಗೇಟಿಗೆ ಬನ್ನಿ. ಎಷ್ಟು ಜನ ಅಂತ ಹಿಂದಿನ ದಿನವೇ ಹೇಳಿ, ಆಧಾರ್ ಕಾರ್ಡ್ ಮರೀಬೇಡಿ" ಅಂದ.